ತಪಸ್: ಒಂದು ಹಗಲು ಒಂದು ಇರುಳಿನ ಹಾರಾಟ

ಚಾಲಕರಹಿತ ವಿಮಾನಗಳಲ್ಲಿ ಮಧ್ಯಮ ಎತ್ತರದಲ್ಲಿ ದೀರ್ಘಕಾಲ ಹಾರುವಂಥವುಗಳದ್ದೇ ಒಂದು ಪ್ರತ್ಯೇಕ ಜಾತಿ. ಹತ್ತು ಸಾವಿರ ಅಡಿಯಿಂದ ಮೂವತ್ತು ಸಾವಿರ ಅಡಿಯವರೆಗಿನ ಆಕಾಶ ಇವುಗಳ ಪಾಲಿನದು. ಒಮ್ಮೆ ಮೇಲೇರಿದರೆ ಒಂದು ಹಗಲು ಒಂದು ಇರುಳು ಇಳಿಯದೆ ಹಾರುತ್ತಿರಬೇಕು. ವೇಗದ ಹಂಗು ಇವಕ್ಕಿಲ್ಲ. ಗಂಟೆಗೆ ಇನ್ನೂರು ಕಿಲೋಮೀಟರ್ ಆಸುಪಾಸಿನಲ್ಲಿ ಹೋದರೂ ಸಾಕು. ಗಡಿಯ ಕಣಿವೆಯನ್ನೋ ಕಡಲ ಹಾದಿಯನ್ನೋ ಗಂಟೆಗಟ್ಟಲೆ ನೋಡುತ್ತ, ಕಂಡದ್ದನ್ನು ಆಗಿಂದಾಗ ನೆಲಕ್ಕೆ ಕಳಿಸುವುದು ಇವುಗಳ ಮುಖ್ಯ ಕೆಲಸ. ಇಂಥದ್ದೊಂದನ್ನು ಸ್ವಂತವಾಗಿ ಕಟ್ಟಲು ಭಾರತ ಮಾಡಿದ ಅತಿ ದೊಡ್ಡ ಪ್ರಯತ್ನದ ಹೆಸರು ಮೊದಲು ರುಸ್ತುಂ-2, ಆಮೇಲೆ ತಪಸ್ ಬಿಎಚ್-201. ಅದರ ವಿನ್ಯಾಸ ನಡೆದದ್ದು ಬೆಂಗಳೂರಿನಲ್ಲಿ, ಹಾರಾಟ ನಡೆದದ್ದು ಚಳ್ಳಕೆರೆಯ ಕಾವಲಿನಲ್ಲಿ.

ದೀರ್ಘ ಹಾರಾಟದ ಲೆಕ್ಕ ಬುತ್ತಿಯ ಲೆಕ್ಕವಿದ್ದಂತೆ. ದೂರದ ಊರಿಗೆ ನಡೆದು ಹೋಗುವವನು ಬುತ್ತಿ ಹೆಚ್ಚು ಕಟ್ಟಿಕೊಂಡಷ್ಟೂ ಹೊರೆ ಹೆಚ್ಚುತ್ತದೆ, ಹೊರೆ ಹೆಚ್ಚಿದಷ್ಟೂ ಹಸಿವು ಹೆಚ್ಚುತ್ತದೆ. ವಿಮಾನಕ್ಕೂ ಹಾಗೆಯೇ. ಹೆಚ್ಚು ಹೊತ್ತು ಹಾರಲು ಹೆಚ್ಚು ಇಂಧನ ಬೇಕು. ಆ ಇಂಧನದ ತೂಕವನ್ನು ಎತ್ತಿ ಹಿಡಿಯಲು ಇನ್ನಷ್ಟು ಇಂಧನ ಬೇಕು. ಈ ಸುಳಿಯಿಂದ ಹೊರಬರಲು ಇರುವ ದಾರಿಗಳು ಕೆಲವೇ. ರೆಕ್ಕೆ ಉದ್ದವಾಗಿಯೂ ಕಿರಿದಾಗಿಯೂ ಇರಬೇಕು. ಹಾಗಿದ್ದರೆ ಮೇಲೆತ್ತುವ ಬಲಕ್ಕೆ ತೆರಬೇಕಾದ ಗಾಳಿಯ ಎಳೆತ ಕಡಿಮೆಯಾಗುತ್ತದೆ. ಒಡಲು ಹಗುರವಾಗಿರಬೇಕು. ಎಂಜಿನ್ ಚಿಕ್ಕದಾಗಿ, ಮಿತಾಹಾರಿಯಾಗಿರಬೇಕು. ಉಳಿದ ತೂಕದಲ್ಲಿ ದೊಡ್ಡ ಪಾಲು ಇಂಧನಕ್ಕೇ ಮೀಸಲಾಗಬೇಕು. ಕ್ಯಾಮೆರಾ, ರಾಡಾರ್, ರೇಡಿಯೋ ಎಲ್ಲವೂ ಇಂಧನದ ಜಾಗಕ್ಕೆ ಪೈಪೋಟಿ ನಡೆಸುವ ನೆಂಟರು. ವಿನ್ಯಾಸಕಾರ ಎಷ್ಟು ನೆಂಟರಿಗೆ ಬಾಗಿಲು ತೆರೆದನೆಂಬುದರ ಮೇಲೆ ಹಾರಾಟದ ಗಂಟೆಗಳು ನಿಂತಿರುತ್ತವೆ.

ಈ ಲೆಕ್ಕವನ್ನು ಮೊದಲು ಸರಿಯಾಗಿ ಬಿಡಿಸಿದವನು ಏಬ್ರಹಾಂ ಕರೆಮ್. ಬಾಗ್ದಾದಿನಲ್ಲಿ ಹುಟ್ಟಿ, ಇಸ್ರೇಲಿನಲ್ಲಿ ಬೆಳೆದು, 1970ರ ದಶಕದಲ್ಲಿ ಅಮೆರಿಕಕ್ಕೆ ವಲಸೆ ಹೋದ ಎಂಜಿನಿಯರ್ ಅವನು. ಲಾಸ್ ಏಂಜಲಿಸ್‌ನ ತನ್ನ ಮನೆಯ ಗ್ಯಾರೇಜಿನಲ್ಲೇ ಕೆಲಸ ಶುರುಮಾಡಿದ. ಅವನ ಕಂಪನಿ ಲೀಡಿಂಗ್ ಸಿಸ್ಟಮ್ಸ್ ಕಟ್ಟಿದ ಆಂಬರ್ 1986ರಲ್ಲಿ ಮೊದಲು ಹಾರಿತು. ಮುಂದೆ ಒಂದೇ ಹಾರಾಟದಲ್ಲಿ 38 ಗಂಟೆ ಆಕಾಶದಲ್ಲಿ ಉಳಿಯಿತು. ಆದರೆ ಸರ್ಕಾರ ಯೋಜನೆಯಿಂದ ಕೈ ತೆಗೆದಾಗ ಕಂಪನಿ ದಿವಾಳಿಯಾಯಿತು. ಅದನ್ನು ಕೊಂಡ ಜನರಲ್ ಅಟಾಮಿಕ್ಸ್, ಕರೆಮ್‌ನ ವಿನ್ಯಾಸವನ್ನೇ ಮುಂದುವರಿಸಿ ಪ್ರಿಡೇಟರ್ ಮಾಡಿತು. 1994ರ ಜುಲೈ 3ರಂದು ಹಾರಿದ ಪ್ರಿಡೇಟರ್ ಮರುವರ್ಷವೇ ಬಾಸ್ನಿಯಾದ ಮೇಲೆ ಸುತ್ತುತ್ತಿತ್ತು. ಅದೇ 1994ರಲ್ಲಿ ಇಸ್ರೇಲಿನ ಹೆರಾನ್ ಕೂಡ ಮೊದಲ ಬಾರಿಗೆ ಹಾರಿತು. ಹಗುರ ವಿಮಾನಗಳಿಗೆಂದು ತಯಾರಾಗುವ 115 ಅಶ್ವಶಕ್ತಿಯ ರೋಟಾಕ್ಸ್ ಎಂಜಿನ್ನೇ ಎರಡಕ್ಕೂ ಒಗ್ಗಿತು. ಹೆರಾನಿನ ತೂಕ ಸುಮಾರು 1,150 ಕಿಲೋ, ಅದರಲ್ಲಿ ಉಪಕರಣಗಳ ಪಾಲು 250 ಕಿಲೋ. ಈ ಅಂಕಿಗಳನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ಕಥೆ ಸುಲಭವಾಗಿ ತಿಳಿಯುತ್ತದೆ.

ಭಾರತದಲ್ಲಿ ಚಾಲಕರಹಿತ ವಿಮಾನದ ಕೆಲಸ ಬೇರೂರಿದ್ದು ಬೆಂಗಳೂರಿನ ವೈಮಾನಿಕ ಅಭಿವೃದ್ಧಿ ಸಂಸ್ಥೆಯಲ್ಲಿ. 1959ರಲ್ಲಿ ಸ್ಥಾಪನೆಯಾದ, ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆ ಡಿಆರ್‌ಡಿಒಗೆ ಸೇರಿದ ಈ ಪ್ರಯೋಗಾಲಯವನ್ನು ಎಲ್ಲರೂ ಎಡಿಇ ಎಂದೇ ಕರೆಯುತ್ತಾರೆ. ಅದರ ಮೊದಲ ದೊಡ್ಡ ಕೂಸು ಲಕ್ಷ್ಯ. ಫಿರಂಗಿ ಮತ್ತು ಕ್ಷಿಪಣಿ ಹಾರಿಸುವವರಿಗೆ ಗುರಿ ಹಿಡಿಯುವ ಅಭ್ಯಾಸ ಬೇಕಿತ್ತು. ಅದಕ್ಕಾಗಿ ತನ್ನ ಹಿಂದೆ ಉದ್ದನೆಯ ಹಗ್ಗದಲ್ಲಿ ಗುರಿಯನ್ನು ಎಳೆದುಕೊಂಡು ಹಾರುವ ಪುಟ್ಟ ಜೆಟ್ ವಿಮಾನ ಅದು. 1985ರಲ್ಲಿ ಮೊದಲು ಹಾರಿತು. ಅದರ ಎಂಜಿನ್ನನ್ನು ಸರ್ಕಾರಿ ವಿಮಾನ ಕಾರ್ಖಾನೆ ಎಚ್‌ಎಎಲ್ ಬೆಂಗಳೂರಿನಲ್ಲೇ ತಯಾರಿಸಿತು. ಆಮೇಲಿನದು ನಿಶಾಂತ್, ಭೂಸೇನೆಗೆಂದು ಮಾಡಿದ ಬೇಹು ವಿಮಾನ. 1995ರಲ್ಲಿ ಹಾರಿದ ನಿಶಾಂತ್‌ಗೆ ಚಕ್ರಗಳೇ ಇರಲಿಲ್ಲ. ಲಾರಿಯ ಮೇಲಿನ ಉಡಾವಣಾ ಯಂತ್ರ ಅದನ್ನು ಕವಣೆ ಬೀಸಿದಂತೆ ಆಕಾಶಕ್ಕೆ ಎಸೆಯುತ್ತಿತ್ತು. ಕೆಲಸ ಮುಗಿದ ಮೇಲೆ ಪ್ಯಾರಾಚೂಟ್ ಬಿಚ್ಚಿಕೊಂಡು, ಹೊಟ್ಟೆಯಡಿಯ ಗಾಳಿಚೀಲಗಳ ಮೇಲೆ ಕೂರುತ್ತಿತ್ತು. ರನ್‌ವೇ ಇಲ್ಲದ ಮುಂಚೂಣಿಗೆ ಇದು ಜಾಣ ಉಪಾಯವೇ. ಆದರೆ ಪ್ಯಾರಾಚೂಟಿನ ಇಳಿತ ಗಾಳಿಯ ಮರ್ಜಿಗೆ ಬಿಟ್ಟದ್ದು. ಸೇನೆಗೆ ಒಪ್ಪಿಸಿದ ನಾಲ್ಕೂ ನಿಶಾಂತ್‌ಗಳು ಅಪಘಾತಗಳಲ್ಲಿ ಹೋದವು; ಕೊನೆಯದು ಬಿದ್ದದ್ದು 2015ರ ನವೆಂಬರಿನಲ್ಲಿ. ಅದರ ಹಾರಾಟದ ಅವಧಿಯಾದರೂ ನಾಲ್ಕೂವರೆ ಗಂಟೆ ಮಾತ್ರ.

1999ರ ಕಾರ್ಗಿಲ್ ಯುದ್ಧದ ನಂತರ ನಾಲ್ಕೂವರೆ ಗಂಟೆ ಸಾಲದೆಂಬುದು ಎಲ್ಲರಿಗೂ ಮನವರಿಕೆಯಾಯಿತು. ಶಿಖರಗಳ ಹಿಂದೆ ಏನು ನಡೆಯುತ್ತಿದೆಯೆಂದು ದಿನವಿಡೀ ನೋಡಬಲ್ಲ ಕಣ್ಣು ಸೇನೆಗೆ ಬೇಕಾಗಿತ್ತು. ತಕ್ಷಣದ ಅಗತ್ಯಕ್ಕೆ ಇಸ್ರೇಲಿನ ಸರ್ಚರ್, ಹೆರಾನ್‌ಗಳನ್ನು ಕೊಳ್ಳಲಾಯಿತು. ಮುಂದಿನ ಕಾಲಕ್ಕೆ ನಮ್ಮದೇ ಆಗಿರಲಿ ಎಂಬ ಆಲೋಚನೆ ಎಡಿಇ ಕಡೆಗೆ ಬಂತು.

ಇಲ್ಲಿ ಒಂದು ಹಳೆಯ ವಿಮಾನ ನೆರವಿಗೆ ಬಂದಿತು. 1980ರ ದಶಕದಲ್ಲಿ ಬೆಂಗಳೂರಿನ ವಿಮಾನ ಸಂಶೋಧನಾ ಪ್ರಯೋಗಾಲಯ ಎನ್‌ಎಎಲ್‌ನಲ್ಲಿ ರುಸ್ತುಂ ದಮಾನಿಯಾ ಅವರ ಮುಂದಾಳತ್ವದಲ್ಲಿ ಒಂದು ಹಗುರ ಸಂಶೋಧನಾ ವಿಮಾನ ಸಿದ್ಧವಾಗಿತ್ತು. ಚಿಕ್ಕ ರೆಕ್ಕೆ ಮೂತಿಯ ಬಳಿ, ದೊಡ್ಡ ರೆಕ್ಕೆ ಹಿಂದೆ, ತಳ್ಳುವ ಪ್ರೊಪೆಲರ್ ಬಾಲದ ತುದಿಯಲ್ಲಿ. ನೋಡಿದವರಿಗೆ ಹಿಂದುಮುಂದಾಗಿ ಹಾರುತ್ತಿದೆಯೇನೋ ಎನಿಸುವ ಆಕಾರ. ಆ ವಿಮಾನದಲ್ಲಿ ಮನುಷ್ಯ ಕೂರುತ್ತಿದ್ದ. ಎಡಿಇ ಅವನನ್ನು ಇಳಿಸಿ, ಆ ಜಾಗದಲ್ಲಿ ಕಂಪ್ಯೂಟರನ್ನು ಕೂರಿಸಿ ಹೊಸ ವಿಮಾನ ಮಾಡಿತು. 2001ರಲ್ಲಿ ತೀರಿಕೊಂಡ ದಮಾನಿಯಾ ಅವರ ನೆನಪಿಗೆ ಅದಕ್ಕೆ ರುಸ್ತುಂ ಎಂದು ಹೆಸರಿಟ್ಟರು.

ರುಸ್ತುಂ-1ರ ಮೊದಲ ಹಾರಾಟ ನಡೆದದ್ದು ಹೊಸೂರಿನ ಖಾಸಗಿ ವಿಮಾನ ನೆಲೆಯಲ್ಲಿ, 2009ರ ನವೆಂಬರ್ 16ರಂದು. ಏರಿದ್ದು ಸರಿಯಾಗಿಯೇ ಏರಿತು. ಇಳಿಯುವಾಗ ರನ್‌ವೇಯಿಂದ ಇನ್ನೂ ಎಷ್ಟು ಮೇಲಿದೆ ಎಂಬ ಅಂದಾಜು ತಪ್ಪಿ, ಎಂಜಿನ್ ಆರಿಸಬೇಕಾದ ಹೊತ್ತಿಗಿಂತ ಮೊದಲೇ ಆರಿಸಿದ್ದರಿಂದ ವಿಮಾನ ನೆಲಕ್ಕೆ ಅಪ್ಪಳಿಸಿತು. ಒಳಗೆ ಕೂತ ಪೈಲಟ್‌ಗೆ ಬೆನ್ನಿನಡಿಯ ಸೀಟು, ಕಣ್ಣಂಚಿನಲ್ಲಿ ಮೇಲೇಳುವ ನೆಲ ಎಷ್ಟೋ ಹೇಳುತ್ತವೆ; ನೆಲದಲ್ಲಿ ನಿಂತು ವಿಮಾನ ಹಾರಿಸುವವನಿಗೆ ಅದಾವುದೂ ಇಲ್ಲ. ಹನ್ನೊಂದು ತಿಂಗಳ ನಂತರ, 2010ರ ಅಕ್ಟೋಬರಿನಲ್ಲಿ, ಎರಡನೇ ಪ್ರಯತ್ನ ಗೆದ್ದಿತು.

ರುಸ್ತುಂ-1 ಕಲಿಕೆಯ ವಿಮಾನ. ಸೇನೆಗೆ ಬೇಕಾದದ್ದು ಅದಕ್ಕಿಂತ ಬಹಳ ದೊಡ್ಡದು. 2011ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ರುಸ್ತುಂ-2ಕ್ಕೆ 1,540 ಕೋಟಿ ರೂಪಾಯಿ ಮಂಜೂರು ಮಾಡಿತು. 2016ರ ಆಗಸ್ಟಿಗೆ ಕೆಲಸ ಮುಗಿಯಬೇಕಿತ್ತು. ಮೂರೂ ಪಡೆಗಳ ಬೇಡಿಕೆಯನ್ನು ಒಂದೇ ವಿಮಾನ ಪೂರೈಸಬೇಕಿತ್ತು: 24 ಗಂಟೆಯ ಹಾರಾಟ, 30,000 ಅಡಿ ಎತ್ತರ, 350 ಕಿಲೋ ಉಪಕರಣ. ಎಲ್ಲ ಸೇರಿ 76 ವಿಮಾನ ಬೇಕಾಗಬಹುದೆಂಬ ಲೆಕ್ಕವಿತ್ತು. ಅದರಲ್ಲಿ 60 ಭೂಸೇನೆಗೆ, 12 ವಾಯುಪಡೆಗೆ, 4 ನೌಕಾಪಡೆಗೆ. ಹೆಸರಿನ ಹೊರತು ರುಸ್ತುಂ-1ರಿಂದ ಇದಕ್ಕೆ ಬಂದ ಬಳುವಳಿ ಕಡಿಮೆ. ಹಿಂದುಮುಂದಿನ ಆಕಾರ ಹೋಯಿತು. 20.6 ಮೀಟರ್ ಹರವಿನ ನೇರ ರೆಕ್ಕೆ, ಅದರ ಎರಡು ಬದಿಗೂ ಒಂದೊಂದು ಎಂಜಿನ್, ಇಂಗ್ಲಿಷಿನ ಟಿ ಅಕ್ಷರದಂಥ ಬಾಲ, ಒಳಗೆ ಮಡಚಿಕೊಳ್ಳುವ ಚಕ್ರಗಳು ಬಂದವು. ಮೂತಿಯಿಂದ ಬಾಲದವರೆಗಿನ ಉದ್ದ ಒಂಬತ್ತೂವರೆ ಮೀಟರ್ ಮಾತ್ರ, ಅಂದರೆ ರೆಕ್ಕೆಯ ಅರ್ಧಕ್ಕಿಂತಲೂ ಕಡಿಮೆ. ಎಚ್‌ಎಎಲ್ ಮತ್ತು ಎಲೆಕ್ಟ್ರಾನಿಕ್ಸ್ ಕಂಪನಿ ಬಿಇಎಲ್ ತಯಾರಿಕೆಯ ಪಾಲುದಾರರಾದವು. ಮುಂದೆ ಇಟ್ಟ ತಪಸ್ ಎಂಬ ಹೆಸರು ಆಕಾಶದಿಂದ ಕಣ್ಗಾವಲು ನಡೆಸುವ ವಾಹನ ಎಂಬರ್ಥದ ಇಂಗ್ಲಿಷ್ ಪದಗಳ ಮೊದಲಕ್ಷರಗಳಿಂದ ಹೆಣೆದದ್ದು. ಕನ್ನಡದ ಕಿವಿಗೆ ಮಾತ್ರ ಅಲುಗದೆ ಕೂತ ಮುನಿಯ ಚಿತ್ರವೇ ಮೊದಲು ಹೊಳೆಯುತ್ತದೆ.

ಇಷ್ಟು ದೊಡ್ಡ ಚಾಲಕರಹಿತ ವಿಮಾನವನ್ನು ಬೆಂಗಳೂರಿನ ಮೇಲೆ ಹಾರಿಸುವಂತಿರಲಿಲ್ಲ. ವಿಮಾನ ಸಂಚಾರ ವಿರಳವಾದ, ಊರುಗಳು ದೂರ ದೂರವಿರುವ, ಮಳೆ ಕಡಿಮೆಯಾದ ಸಮತಟ್ಟು ನೆಲ ಬೇಕಿತ್ತು. ಅಂಥ ನೆಲ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನಲ್ಲಿ ಸಿಕ್ಕಿತು. ನಾಯಕನಹಟ್ಟಿಗೆ ಹತ್ತಿರದ ವರವು ಕಾವಲಿನಲ್ಲಿ ಡಿಆರ್‌ಡಿಒಗೆ 4,290 ಎಕರೆ ಮಂಜೂರಾಯಿತು. ಅದರ ಅಕ್ಕಪಕ್ಕದಲ್ಲೇ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ. ಭಾಭಾ ಅಣು ಸಂಶೋಧನಾ ಕೇಂದ್ರ ಮತ್ತು ಇಸ್ರೋಗಳಿಗೂ ಜಮೀನು ದೊರೆಯಿತು.

ಕಡತಗಳಲ್ಲಿ ಖಾಲಿ ನೆಲವೆನಿಸಿಕೊಂಡ ಈ ಜಾಗಕ್ಕೂ ಯುದ್ಧಕ್ಕೂ ಹಳೆಯ ನಂಟಿದೆ. ಮೈಸೂರಿನ ಒಡೆಯರ ಕಾಲದಲ್ಲಿ ಅರಮನೆಗೆ ಹಾಲು ಬೆಣ್ಣೆ ಒದಗಿಸುತ್ತಿದ್ದ ಬೆಣ್ಣೆ ಚಾವಡಿಯ ದನಗಳಿಗೆ ಮೀಸಲಿಟ್ಟ ಹುಲ್ಲುಗಾವಲುಗಳೇ ಈ ಕಾವಲುಗಳು. ಹೈದರಾಲಿ ಆ ತಳಿಯ ಎತ್ತುಗಳನ್ನು ತೋಪು ಎಳೆಯಲು ಹೂಡಿದ. ಟಿಪ್ಪು ಇಲಾಖೆಗೆ ಅಮೃತಮಹಲ್ ಎಂಬ ಹೆಸರು ಕೊಟ್ಟ. ಮೈಸೂರಿನ ತೋಪುಗಳು ಎದುರಾಳಿಗಳು ಎಣಿಸಿದ್ದಕ್ಕಿಂತ ಬೇಗ ಬಂದು ನಿಲ್ಲುತ್ತಿದ್ದುದಕ್ಕೆ ಈ ಎತ್ತುಗಳ ನಡಿಗೆ ಕಾರಣ. 1799ರ ನಂತರ ಅವು ಬ್ರಿಟಿಷರ ಪಾಲಾದವು. ಬೇಸಿಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ವಿಂಗಡಿಸಿ, ಋತು ನೋಡಿ ಹಿಂಡುಗಳನ್ನು ಒಂದರಿಂದ ಇನ್ನೊಂದಕ್ಕೆ ನಡೆಸುತ್ತಿದ್ದರು.

ಸರ್ಕಾರಿ ಹಿಂಡುಗಳು ಕರಗಿದ ಮೇಲೂ ಕಾವಲು ಖಾಲಿಯಾಗಿರಲಿಲ್ಲ. ಮ್ಯಾಸಬೇಡ ಸಮುದಾಯದ ದೇವರ ಎತ್ತುಗಳು, ಸುತ್ತಲಿನ ಹಳ್ಳಿಗಳ ಕುರಿಮೇಕೆಗಳು ಅಲ್ಲೇ ಮೇಯುತ್ತಿದ್ದವು. ಆ ಕುರಿಗಳ ಉಣ್ಣೆಯಿಂದ ಚಳ್ಳಕೆರೆಯ ಕಂಬಳಿ ನೇಯ್ಗೆ ನಡೆಯುತ್ತಿತ್ತು. ಕೃಷ್ಣಮೃಗಗಳೂ ಅಲ್ಲಿದ್ದವು. ಜಮೀನು ಕೈಬದಲಾದ ಸುದ್ದಿ ಅನೇಕ ಹಳ್ಳಿಗಳಿಗೆ ತಲುಪಿದ್ದು ಬೇಲಿ, ಗೋಡೆ ಏಳತೊಡಗಿದ ಮೇಲೆಯೇ. ಪ್ರತಿಭಟನೆಗಳಾದವು, ವ್ಯಾಜ್ಯ ಚೆನ್ನೈನ ಹಸಿರು ನ್ಯಾಯಮಂಡಳಿಯ ಮೆಟ್ಟಿಲೇರಿತು. ಗೋಡೆಗಳು ಉಳಿದವು. ಗೋಡೆಯ ಒಳಗೆ ಎರಡು ಕಿಲೋಮೀಟರಿಗೂ ಉದ್ದದ ರನ್‌ವೇ, ರಾಡಾರ್, ನಿಯಂತ್ರಣ ಕೇಂದ್ರಗಳು ಬಂದವು. ವೈಮಾನಿಕ ಪರೀಕ್ಷಾ ವಲಯವೆಂಬ ಹೆಸರಿನಲ್ಲಿ ಅದರ ಉದ್ಘಾಟನೆ 2017ರ ಮೇ 28ರಂದು ನಡೆಯಿತು. ರಾಷ್ಟ್ರರಕ್ಷಣೆಯ ಲೆಕ್ಕಪತ್ರದಲ್ಲಿ ಮೇವಿನ ಕಾಲಮ್ಮು ಇರುವುದಿಲ್ಲ. ತಪಸ್‌ನ ಖರ್ಚು ಬರೆಯುವವರು ಅದನ್ನೂ ಒಂದು ಬದಿಗೆ ಬರೆದಿಟ್ಟುಕೊಳ್ಳಬೇಕು.

ಉದ್ಘಾಟನೆಗೆ ಮೊದಲೇ, 2016ರ ನವೆಂಬರ್ 15ರಂದು, ತಪಸ್ ಇಲ್ಲಿಂದ ಮೊದಲ ಬಾರಿ ಹಾರಿತು. ಯೋಜನೆ ಮುಗಿಯಬೇಕಾಗಿದ್ದ ಗಡುವು ಅಷ್ಟರಲ್ಲಿ ಮೂರು ತಿಂಗಳ ಹಿಂದೆ ದಾಟಿತ್ತು. ಆಗ ವಿಮಾನವನ್ನು ಹಾರಿಸಿದವರು ಸೇನಾಪಡೆಗಳ ಪೈಲಟ್‌ಗಳು: ರನ್‌ವೇ ಬದಿಯಲ್ಲಿ ನಿಂತು ಕಣ್ಣಿಂದ ನೋಡುತ್ತ ಏರಿಸುವ, ಇಳಿಸುವ ಹೊರಗಿನ ಪೈಲಟ್ ಒಬ್ಬ, ನಿಯಂತ್ರಣ ಕೊಠಡಿಯಲ್ಲಿ ಪರದೆಯ ಮುಂದೆ ಕೂತು ಉಳಿದ ಹಾರಾಟ ನೋಡಿಕೊಳ್ಳುವ ಒಳಗಿನ ಪೈಲಟ್ ಇನ್ನೊಬ್ಬ. 2018ರ ಫೆಬ್ರವರಿ 25ರಂದು ಹೆಚ್ಚು ಶಕ್ತಿಯ ಎಂಜಿನ್ ಜೋಡಿಸಿಕೊಂಡು, ಸೇನೆ ಕೇಳಿದ ರೂಪದಲ್ಲಿ ಅದು ಹಾರಿತು.

ಹೆಚ್ಚು ಶಕ್ತಿಯ ಎಂಜಿನ್ ಬೇಕಾದದ್ದೇ ರೋಗದ ಲಕ್ಷಣ. ಆರಂಭದಲ್ಲಿ 1,800 ಕಿಲೋ ಎಂದುಕೊಂಡಿದ್ದ ವಿಮಾನ ಎರಡು ಟನ್ ದಾಟಿ ಬೆಳೆದಿತ್ತು. ಮೂರು ಪಡೆಗಳ ಬೇಡಿಕೆ ಒಂದೇ ಒಡಲಿಗೆ ತುಂಬಿದ್ದು, ಒಂದು ಕೆಟ್ಟರೆ ಇನ್ನೊಂದಿರಲೆಂದು ಎರಡು ಎಂಜಿನ್ ಇಟ್ಟದ್ದು, ಅವಕ್ಕೆ ತಕ್ಕ ರೆಕ್ಕೆ, ರೆಕ್ಕೆಗೆ ತಕ್ಕ ಚಕ್ರ, ಹೀಗೆ ಒಂದರ ಹಿಂದೊಂದು ಕಿಲೋಗಳು ಸೇರಿಕೊಂಡವು. ಒಂದೇ ಎಂಜಿನ್ನಿನ ಹೆರಾನ್ 250 ಕಿಲೋ ಹೊತ್ತು ಒಂದು ದಿನಕ್ಕೂ ಹೆಚ್ಚು ಹಾರುವಾಗ, 350 ಕಿಲೋ ಹೊರಲು ಅದರ ಸುಮಾರು ಎರಡು ಪಟ್ಟು ತೂಕದ ವಿಮಾನ ಬೇಕಾಯಿತು. ಎಂಜಿನ್ನುಗಳೂ ಹೊರದೇಶದವು. ಅವುಗಳ ಬದಲಿಗೆ ಅಹಮದ್‌ನಗರದ ಡಿಆರ್‌ಡಿಒ ವಾಹನ ಪ್ರಯೋಗಾಲಯ ದೇಶೀ ಎಂಜಿನ್ನಿನ ಕೆಲಸ ಹಿಡಿಯಿತು. ಎಂಜಿನ್ ಮಾಡುವುದು ವಿಮಾನ ಮಾಡುವುದಕ್ಕಿಂತ ನಿಧಾನದ ಕೆಲಸ.

2019ರ ಸೆಪ್ಟೆಂಬರ್ 17ರ ಬೆಳಿಗ್ಗೆ ಚಿತ್ರದುರ್ಗ ಜಿಲ್ಲೆಯ ಜೋಡಿಚಿಕ್ಕೇನಹಳ್ಳಿಯ ಜನ ಹೊಲದಲ್ಲಿ ಬಿದ್ದಿದ್ದ ಬಿಳಿಯ ವಿಮಾನದ ಸುತ್ತ ನೆರೆದರು. ಪರೀಕ್ಷಾ ಹಾರಾಟಕ್ಕೆ ಹೊರಟ ತಪಸ್ ಅದು. ಮುರಿದ ರೆಕ್ಕೆ ಒಂದೆಡೆ, ಚೂರಾದ ಒಡಲು ಇನ್ನೊಂದೆಡೆ. ವಿಮಾನ ಬಿದ್ದರೆ ಮೊದಲು ಹುಡುಕುವುದು ಒಳಗಿದ್ದವರನ್ನು. ಇದರಲ್ಲಿ ಯಾರೂ ಇರಲಿಲ್ಲ. ನೆಲದ ಮೇಲೆಯೂ ಯಾರಿಗೂ ಪೆಟ್ಟಾಗಲಿಲ್ಲ. ಗುಂಪಿನಲ್ಲಿದ್ದವರು ತೆಗೆದ ಮೊಬೈಲ್ ಚಿತ್ರಗಳು ಅಂದೇ ಊರೂರಿಗೆ ಹರಿದವು, ಮತ್ತು ಬೇಲಿಯಾಚೆಗಿನ ಗುಟ್ಟನ್ನು ಜಿಲ್ಲೆಯ ಜನ ಮೊದಲ ಬಾರಿಗೆ ಕೈಯಳತೆಯಲ್ಲಿ ನೋಡಿದರು.

ಅಲ್ಲಿಂದ ಮುಂದೆ ಅಂಕಿಗಳು ನಿಧಾನವಾಗಿ ಏರಿದವು. 2020ರ ಅಕ್ಟೋಬರಿನಲ್ಲಿ 16,000 ಅಡಿಯಲ್ಲಿ ಎಂಟು ಗಂಟೆ. ನಂತರದ ವರ್ಷಗಳಲ್ಲಿ 28,000 ಅಡಿ ಎತ್ತರ ಮತ್ತು 18 ಗಂಟೆಯ ಅವಧಿ. 2023ರ ಫೆಬ್ರವರಿಯ ಏರೋ ಇಂಡಿಯಾದಲ್ಲಿ ಯಲಹಂಕದ ಆಕಾಶಕ್ಕೂ ಬಂದು, ಕೆಳಗಿನ ಪ್ರದರ್ಶನವನ್ನು ಮೇಲಿನಿಂದ ನೇರವಾಗಿ ತೋರಿಸಿತು. ಆ ವರ್ಷದ ಜೂನ್ ಕೊನೆಯ ಹೊತ್ತಿಗೆ ಇನ್ನೂರು ಹಾರಾಟ ಪೂರ್ಣಗೊಂಡಿದ್ದವು.

ಆ ಇನ್ನೂರರಲ್ಲಿ ಒಂದು ಹಾರಾಟ ವಿವರವಾಗಿ ಹೇಳುವಂಥದ್ದು. ಭೂಮಿ ಗುಂಡಗಿರುವುದರಿಂದ ನೆಲದ ಆಂಟೆನಾದ ರೇಡಿಯೋ ಅಲೆ ವಿಮಾನವನ್ನು ಎಷ್ಟು ದೂರ ಬೇಕಾದರೂ ಹಿಂಬಾಲಿಸಲಾರದು. 20,000 ಅಡಿ ಮೇಲಿರುವ ವಿಮಾನ ಹೆಚ್ಚೆಂದರೆ 320 ಕಿಲೋಮೀಟರಿನವರೆಗೆ ನೇರ ಸಂಪರ್ಕದಲ್ಲಿರುತ್ತದೆ. ನಡುವೆ ಬೆಟ್ಟಗಳಿದ್ದರೆ ಇನ್ನೂ ಕಡಿಮೆ. ಅದಕ್ಕೂ ಆಚೆ ಹೋಗಬೇಕಾದರೆ ಉಪಗ್ರಹದ ಮೂಲಕ ಆಜ್ಞೆ ಕಳಿಸಬೇಕು, ಇಲ್ಲವೇ ಲಗಾಮನ್ನು ಇನ್ನೊಬ್ಬರ ಕೈಗೆ ದಾಟಿಸಬೇಕು. 2023ರ ಜೂನ್ 16ರಂದು ನಡೆದದ್ದು ಎರಡನೆಯದು. ಬೆಳಿಗ್ಗೆ 7.35ಕ್ಕೆ ತಪಸ್ ಚಳ್ಳಕೆರೆಯ ಕಾವಲಿನಿಂದ ಎದ್ದು, 285 ಕಿಲೋಮೀಟರ್ ದೂರದ ಕಾರವಾರದ ಕಡೆಗೆ, ಘಟ್ಟದ ಮೇಲಿಂದ ಕಡಲಿಗೆ ಹೊರಟಿತು. ಕಾರವಾರದ ನೌಕಾನೆಲೆಯಿಂದ 148 ಕಿಲೋಮೀಟರ್ ದೂರದ ಸಮುದ್ರದಲ್ಲಿ ಗಸ್ತು ಹಡಗು ಐಎನ್‌ಎಸ್ ಸುಭದ್ರಾ ಕಾಯುತ್ತಿತ್ತು. ಹಡಗಿನ ಮೇಲೆ ಸಂಪರ್ಕದ ಎರಡು ಆಂಟೆನಾ ಸಲಕರಣೆಗಳನ್ನೂ ನಿಯಂತ್ರಣ ಕೇಂದ್ರವನ್ನೂ ಮೊದಲೇ ಅಳವಡಿಸಿದ್ದರು. ಮೂರೂವರೆ ಗಂಟೆಯ ಆ ಹಾರಾಟದಲ್ಲಿ ನಲವತ್ತು ನಿಮಿಷ ವಿಮಾನ ಹಡಗಿನವರ ಕೈಯಲ್ಲಿತ್ತು. ಅಲೆಯ ಮೇಲೆ ಹೊಯ್ದಾಡುವ ಡೆಕ್ಕಿನಿಂದ, ನಾಲ್ಕು ಮೈಲಿ ಮೇಲಿನ ವಿಮಾನವನ್ನು ತಿರುಗಿಸಿ, ಮತ್ತೆ ನೆಲದವರಿಗೆ ಒಪ್ಪಿಸಿದರು. ಅದು ಬಂದ ದಾರಿಯಲ್ಲೇ ಮರಳಿ ಕಾವಲಿನಲ್ಲಿ ಇಳಿಯಿತು. ಯೋಜನೆಯ ಇಡೀ ಬದುಕಿನಲ್ಲಿ ಇದಕ್ಕಿಂತ ಅಚ್ಚುಕಟ್ಟಾದ ದಿನ ಇನ್ನೊಂದಿರಲಿಲ್ಲ.

ಎರಡು ತಿಂಗಳು ಕಳೆದ ಮೇಲೆ, ಆಗಸ್ಟ್ 20ರ ಭಾನುವಾರ, ಹಿರಿಯೂರು ತಾಲ್ಲೂಕಿನ ವದ್ದೀಕೆರೆ ಬಳಿಯ ಹೊಲದಲ್ಲಿ ಇನ್ನೊಂದು ತಪಸ್ ಬಿತ್ತು. ಈ ಸಲವೂ ಜೀವಹಾನಿಯಿಲ್ಲ. ಆದರೆ ಯೋಜನೆಯ ತೀರ್ಮಾನಕ್ಕೆ ಅಪಘಾತಕ್ಕಿಂತ ಹೆಚ್ಚಾಗಿ ಆ ಎರಡು ಅಂಕಿಗಳೇ ಕಾರಣವಾದವು. 24 ಗಂಟೆ ಕೇಳಿದ್ದಲ್ಲಿ 18, 30,000 ಅಡಿ ಕೇಳಿದ್ದಲ್ಲಿ 28,000. ಎತ್ತರದ ಕೊರತೆ ಸಣ್ಣದು; ಆರು ಗಂಟೆಯ ಕೊರತೆ ಹಾಗಲ್ಲ. ದಿನವಿಡೀ ಒಂದೇ ಜಾಗವನ್ನು ಕಾಯಬೇಕಾದರೆ ಹೋಗಿಬರುವ ಹೊತ್ತನ್ನೂ ಕಳೆಯಬೇಕು. ಅವಧಿ ಕಡಿಮೆಯಾದಂತೆ ಸರದಿಗೆ ಹೆಚ್ಚು ವಿಮಾನ, ಹೆಚ್ಚು ಸಿಬ್ಬಂದಿ ಬೇಕು. 2024ರ ಜನವರಿಯಲ್ಲಿ ತಪಸ್ ಅನ್ನು ಗಡುವಿನ ಯೋಜನೆಗಳ ಪಟ್ಟಿಯಿಂದ ತೆಗೆದ ಸುದ್ದಿ ಹೊರಬಂತು. ವಿಮಾನವನ್ನು ಸುಧಾರಿಸುವ ಕೆಲಸ ಬೇರೆ ರೀತಿಯಲ್ಲಿ ಮುಂದುವರಿಯಿತು.

ಸೇನೆಯ ಅಗತ್ಯ ಕಾಯುವಂಥದ್ದಲ್ಲ. 2020ರ ನವೆಂಬರಿನಿಂದಲೇ ನೌಕಾಪಡೆ ಪ್ರಿಡೇಟರಿನ ವಂಶದ ಎರಡು ಸೀ ಗಾರ್ಡಿಯನ್‌ಗಳನ್ನು ಬಾಡಿಗೆಗೆ ತಂದು ಅರಕ್ಕೋಣದಿಂದ ಹಾರಿಸುತ್ತಿತ್ತು. ಅವುಗಳಲ್ಲೊಂದು 2024ರ ಸೆಪ್ಟೆಂಬರಿನಲ್ಲಿ ಬಂಗಾಳ ಕೊಲ್ಲಿಗೆ ಬಿದ್ದಿತು. ಹೆಸರುವಾಸಿ ವಿಮಾನವೂ ಬೀಳುವುದುಂಟು. ಮರುತಿಂಗಳು, ಅಕ್ಟೋಬರ್ 15ರಂದು, ಅದೇ ಎಂಕ್ಯು-9ಬಿ ಬಗೆಯ 31 ವಿಮಾನಗಳನ್ನು ಕೊಳ್ಳುವ ಒಪ್ಪಂದಕ್ಕೆ ಸಹಿ ಬಿತ್ತು; ನೌಕಾಪಡೆಗೆ 15, ಭೂಸೇನೆ ಮತ್ತು ವಾಯುಪಡೆಗೆ ಎಂಟೆಂಟು. ಗ್ಯಾರೇಜಿನಲ್ಲಿ ಕರೆಮ್ ಹಾಕಿದ ಗೆರೆಗಳ ಮೊಮ್ಮಕ್ಕಳು ಅವು.

ಚಳ್ಳಕೆರೆಯ ರನ್‌ವೇಗೆ ಕೆಲಸ ತಪ್ಪಲಿಲ್ಲ. 2022ರ ಜುಲೈ 1ರಂದು ಎಡಿಇ ಕಟ್ಟಿದ, ಬಾಲವೇ ಇಲ್ಲದ ಜೆಟ್ ಚಾಲಕರಹಿತ ವಿಮಾನ ಅಲ್ಲಿಂದ ತಾನೇ ಏರಿ ತಾನೇ ಇಳಿದಿತ್ತು. 2023ರ ಏಪ್ರಿಲ್ 2ರಂದು ಇಸ್ರೋದ ಮರುಬಳಕೆಯ ರಾಕೆಟ್ ವಾಹನದ ಮಾದರಿಯನ್ನು ಚಿನೂಕ್ ಹೆಲಿಕಾಪ್ಟರ್ ನಾಲ್ಕೂವರೆ ಕಿಲೋಮೀಟರ್ ಮೇಲಕ್ಕೊಯ್ದು ಬಿಟ್ಟಿತು. ಎಂಜಿನ್ ಇಲ್ಲದ ಆ ವಾಹನವೂ ದಾರಿ ಹಿಡಿದು ಬಂದು ಇದೇ ರನ್‌ವೇ ಮೇಲೆ ಇಳಿಯಿತು. 2024ರ ಮಾರ್ಚ್ ಮತ್ತು ಜೂನ್‌ಗಳಲ್ಲಿ ಅದೇ ಪ್ರಯೋಗವನ್ನು ಮತ್ತೆರಡು ಬಾರಿ ನಡೆಸಲಾಯಿತು.